ಆರೈಕೆಯ ಕಥೆಯನ್ನು ವಿಡಿಯೊ ಗೇಮ್‌ನಲ್ಲಿ ಹೇಳಬಹುದಾ? ಕಾಸರಗೋಡಿನ ಒಂದು ಮನೆಯ ಬಗ್ಗೆ ಯೋಚನೆ

ಪೆರ್ಲದವಳು:

ಎಲ್ಲರಿಗೂ ನಮಸ್ಕಾರ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನವಳು. ಈಗ ಬೆಂಗಳೂರಿನಲ್ಲಿ ಗೇಮ್‌ಗಳಿಗೆ ಕಥೆ ಬರೆಯುವ ಕೆಲಸ ಮಾಡುತ್ತೇನೆ. ಕನ್ನಡದಲ್ಲೇ ಒಂದು ಸಣ್ಣ ಗೇಮ್ ಮಾಡಬೇಕು ಅಂತ ತುಂಬ ದಿನದಿಂದ ಆಸೆ. ಅದರಲ್ಲಿ ಗುಂಡು ಹಾರಿಸುವುದು, ಕಾರು ಓಡಿಸುವುದು ಯಾವುದೂ ಇಲ್ಲ. ಗುಡ್ಡದ ಬದಿಯ ಒಂದು ಮನೆ. ಮಾತು ಬಾರದ, ತಾನಾಗಿ ಎದ್ದು ಕೂರಲಾಗದ ಒಬ್ಬ ಹುಡುಗ. ಅವನನ್ನು ನೋಡಿಕೊಳ್ಳುವ ಅಮ್ಮ ಮತ್ತು ಅಕ್ಕ. ಅವರ ದಿನಗಳು. ಅಷ್ಟೇ.

ಇದು ಎಲ್ಲಿಂದ ಬಂತು ಅಂತ ನಮ್ಮ ಊರಿನವರಿಗೆ ಹೇಳಬೇಕಾಗಿಲ್ಲ. ಹೊರಗಿನವರಿಗಾಗಿ ಸ್ವಲ್ಪದರಲ್ಲಿ ಹೇಳುತ್ತೇನೆ. ಕಾಸರಗೋಡಿನ ಸರಕಾರಿ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸಿಂಪಡಿಸಿದರು. ಗುಡ್ಡದ ಮೇಲೆ ತೋಟ. ಕೆಳಗೆ ಮನೆ, ಬಾವಿ, ನೀರಿಗಾಗಿ ಗುಡ್ಡ ಕೊರೆದ ಸುರಂಗ, ತೋಡು. ಇಷ್ಟೊಂದು ಕಾಯಿಲೆ ಈ ಊರಿನಲ್ಲೇ ಯಾಕೆ ಅಂತ ಮೊದಲು ಕೇಳಿದವರಲ್ಲಿ ವಾಣೀನಗರದ ವೈದ್ಯ ಡಾ. ವೈ. ಎಸ್. ಮೋಹನ್ ಕುಮಾರ್ ಒಬ್ಬರು. ಪತ್ರಕರ್ತ ಶ್ರೀ ಪಡ್ರೆಯವರು ಅದನ್ನು ಪತ್ರಿಕೆಗಳಲ್ಲಿ ಬರೆದರು. ಲೀಲಾಕುಮಾರಿ ಅಮ್ಮ ಸಿಂಪಡಣೆ ನಿಲ್ಲಿಸಿ ಅಂತ ಕೋರ್ಟಿಗೆ ಹೋದರು. 2011ರಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ಈ ಕೀಟನಾಶಕವನ್ನು ತಡೆಯಿತು. ಪೀಡಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕು ಅಂತ 2017ರಲ್ಲಿ ಆದೇಶ ಕೊಟ್ಟಿತು. ಇವೆಲ್ಲ ಪೇಪರಿನಲ್ಲಿ ಬಂದವು. ಕಾಯಿಲೆಯಿಂದ ಮಲಗಿದಲ್ಲೇ ಇರುವ ಮಕ್ಕಳನ್ನು ದಿನಾ ಎತ್ತಿ, ಮೀಯಿಸಿ, ಉಣ್ಣಿಸಿ, ಮಲಗಿಸುವವರ ಬದುಕು ಮಾತ್ರ ಅಷ್ಟಾಗಿ ಬರಲೇ ಇಲ್ಲ. ನನ್ನ ತಮ್ಮ ಅಂಥ ಮಕ್ಕಳಲ್ಲಿ ಒಬ್ಬ. ಹಾಗಾಗಿ ಈ ಕೆಲಸ ನನಗೆ ಬರೀ ಹವ್ಯಾಸ ಅಲ್ಲ.

ಗೇಮ್ ಯಾಕೆ, ಲೇಖನ ಸಾಲದಾ ಅಂತ ಕೇಳಬಹುದು. 'ದಟ್ ಡ್ರ್ಯಾಗನ್, ಕ್ಯಾನ್ಸರ್' ಅಂತ ಒಂದು ಗೇಮ್ ಇದೆ. ಅಮೆರಿಕದ ರಯಾನ್ ಗ್ರೀನ್ ಮತ್ತು ಏಮಿ ಗ್ರೀನ್ ದಂಪತಿ ತಮ್ಮ ಮಗ ಜೋಯೆಲ್‌ನ ಕ್ಯಾನ್ಸರ್ ಬಗ್ಗೆ ಮಾಡಿದ್ದು. ಮಗು ಬದುಕಿದ್ದಾಗಲೇ ಕೆಲಸ ಶುರುವಾಯಿತು. ಜೋಯೆಲ್ 2014ರಲ್ಲಿ, 5 ವರ್ಷದವನಿದ್ದಾಗ ತೀರಿಕೊಂಡ. ಗೇಮ್ 2016ರ ಜನವರಿಯಲ್ಲಿ ಹೊರಬಂತು. ಅದರಲ್ಲಿ ಆಸ್ಪತ್ರೆಯ ಒಂದು ರಾತ್ರಿ ಇದೆ. ಮಗು ಅಳುತ್ತದೆ. ಅಪ್ಪನಾಗಿ ನೀವು ಎತ್ತಿಕೊಳ್ಳಬಹುದು, ಕುಡಿಯಲು ಕೊಡಬಹುದು, ಅತ್ತಿತ್ತ ನಡೆಯಬಹುದು. ಏನು ಮಾಡಿದರೂ ಅಳು ನಿಲ್ಲುವುದಿಲ್ಲ. ಗೇಮ್ ಆಡುವವರಿಗೆ ಒಂದು ಅಭ್ಯಾಸ ಇರುತ್ತದೆ. ಸರಿಯಾದ ಗುಂಡಿ ಎಲ್ಲೋ ಇದೆ, ಹುಡುಕಿದರೆ ಸಿಗುತ್ತದೆ ಅಂತ. ಅಲ್ಲಿ ಆ ಗುಂಡಿಯೇ ಇಲ್ಲ. ಅದನ್ನು ಆಡುವಾಗ ನನಗೆ ನಮ್ಮ ಮನೆಯ ರಾತ್ರಿಗಳೇ ಕಣ್ಣ ಮುಂದೆ ಬಂದವು. ಕೈ ಆಡುತ್ತಲೇ ಇರಬೇಕು, ಫಲ ಕೈಯಲ್ಲಿಲ್ಲ. ಓದುವವರಿಗೆ ಇದನ್ನು ತಿಳಿಸಬಹುದು. ಆಡುವವರ ಕೈಗೇ ಕೊಡುವುದು ಗೇಮ್ ಒಂದೇ ಅಂತ ನನ್ನ ನಂಬಿಕೆ.

ನಿಮಗೆಲ್ಲ ಏನನ್ನಿಸುತ್ತದೆ? ಮುಖ್ಯವಾಗಿ, ಮನೆಯಲ್ಲಿ ಇಂಥ ಮಕ್ಕಳಿರುವವರು ಹೇಳಬೇಕು.

ಬದಿಯಡ್ಕದ ಮಾಷ್ಟ್ರು:

ತಂಗೀ, ನಿಮ್ಮ ಕಾಳಜಿಯಲ್ಲಿ ಅನುಮಾನ ಇಲ್ಲ. ಆದರೆ ನನಗೆ ಸಮಾಧಾನ ಇಲ್ಲ, ಅದನ್ನು ಹೇಳಿಬಿಡುತ್ತೇನೆ.

ನಾನು ಈ ಭಾಗದ ಶಾಲೆಗಳಲ್ಲಿ ಪಾಠ ಮಾಡಿದವನು. ಕ್ಯಾಮೆರಾ ಹಿಡಿದು ಬಂದವರನ್ನು ಬೇಕಾದಷ್ಟು ನೋಡಿದ್ದೇನೆ. ಮಗುವನ್ನು ಜಗಲಿಗೆ ತನ್ನಿ ಅನ್ನುತ್ತಿದ್ದರು. ಬೆಳಕು ಸಾಲದು, ಅಂಗಿ ತೆಗೆಯಿರಿ ಅನ್ನುತ್ತಿದ್ದರು. ಆ ಫೋಟೋಗಳಿಂದ ಹೋರಾಟಕ್ಕೆ ಬಲ ಬಂತು, ನಿಜ. ಆದರೆ ಆ ತಾಯಂದಿರು ಎಷ್ಟು ಸಲ ಅದೇ ಮಗುವನ್ನು ಅಪರಿಚಿತರ ಮುಂದೆ ಹಿಡಿದು ತೋರಿಸಿದರು! ಹೆಸರು ಹೇಳಿದರೆ ಸಾಕು, ಆ ಮಕ್ಕಳ ಮುಖ ಇವತ್ತೂ ಅಂತರ್ಜಾಲದಲ್ಲಿ ಸಿಗುತ್ತದೆ. ಅದನ್ನೇ ಈಗ ಮೊಬೈಲಿನಲ್ಲಿ ಆಡುವ ವಸ್ತು ಮಾಡುತ್ತೀರಾ? ಬಸ್ಸಿಗೆ ಕಾಯುವಾಗ ಯಾರೋ ಒಬ್ಬ ಹತ್ತು ನಿಮಿಷ ಆಡುತ್ತಾನೆ, ಅಯ್ಯೋ ಪಾಪ ಅನ್ನುತ್ತಾನೆ, ಬಸ್ಸು ಬಂದ ಕೂಡಲೇ ಮುಚ್ಚುತ್ತಾನೆ. ಇದರಿಂದ ಆ ಮನೆಗೆ ಏನು ಸಿಕ್ಕಿತು?

ಪೆರ್ಲದವಳು:

ಮಾಷ್ಟ್ರೇ, ಅಂಗಿ ತೆಗೆಯಿರಿ ಅಂದವರು ನಮ್ಮ ಮನೆಗೂ ಬಂದಿದ್ದರು. ಅಮ್ಮ ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು. ಅದಕ್ಕೇ ಒಂದು ನಿರ್ಧಾರ ಈಗಲೇ ಮಾಡಿದ್ದೇನೆ. ಗೇಮ್‌ನಲ್ಲಿ ಆ ಹುಡುಗನ ದೇಹವನ್ನು ದೂರದಿಂದ ನೋಡುವ ಚಿತ್ರ ಒಂದೂ ಇರುವುದಿಲ್ಲ. ಅವನ ಪಕ್ಕ ಕೂತರೆ ಏನು ಕಾಣುತ್ತದೋ ಅಷ್ಟೇ. ಅವನ ಕಣ್ಣು, ಕೈ, ಕಿಟಕಿ, ತಟ್ಟೆ. ನಿಜವಾದ ಯಾರ ಮುಖವೂ ಇಲ್ಲ, ಯಾರ ಹೆಸರೂ ಇಲ್ಲ.

ಬಸ್ಸಿಗೆ ಕಾಯುವವನು ಮುಚ್ಚಿ ಹೋಗುತ್ತಾನೆ ಅನ್ನುವುದಕ್ಕೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ಅವನೂ ಹೀಗೆ ಒಂದು ದಿನ ಯಾರನ್ನೋ ಎತ್ತಬೇಕಾಗುತ್ತದೆ ಅಥವಾ ಅವನನ್ನೇ ಯಾರೋ ಎತ್ತಬೇಕಾಗುತ್ತದೆ. ಆಗ ಇದು ನೆನಪಾದರೆ ನನಗೆ ಸಾಕು.

ಗಾಲಿಕುರ್ಚಿ ವಿಟ್ಲ:

ನಾನು ಗಡಿಯ ಈಚೆಗಿನ ಕರ್ನಾಟಕದವನು, ಆದರೆ ಪೆರ್ಲ ನನಗೆ ಮಂಗಳೂರಿಗಿಂತ ಹತ್ತಿರ. ಅಡಕೆ ಮರದಿಂದ ಬಿದ್ದು ಕುತ್ತಿಗೆಯ ಹತ್ತಿರ ಪೆಟ್ಟಾಯಿತು. ಕೈ ಎತ್ತಬಹುದು, ಬೆರಳು ಮಡಚಿ ಹಿಡಿಯಲು ಆಗುವುದಿಲ್ಲ. ಮೊಬೈಲಿನಲ್ಲಿ ಬೆರಳ ಗೆಣ್ಣಿನಿಂದ ಗೇಮ್ ಆಡುತ್ತೇನೆ. ತುಂಬ ಆಡುತ್ತೇನೆ.

ಅಕ್ಕಾ, ನಿಮ್ಮ ಯೋಚನೆ ಓದಿ ಖುಷಿಯಾಯಿತು. ಆದರೆ ಒಂದು ಮಾತು ಗಟ್ಟಿಯಾಗಿಯೇ ಹೇಳಬೇಕು. ನೋಡಿಕೊಳ್ಳುವವರ ಕಥೆಗಳಲ್ಲಿ ನಮ್ಮಂಥವರು ಬರೀ ಭಾರ ಆಗಿಬಿಡುತ್ತೇವೆ. ಅಮ್ಮನಿಗೆ ಕಷ್ಟ, ಅಕ್ಕನಿಗೆ ಕಷ್ಟ. ಮಧ್ಯದಲ್ಲಿ ಮಲಗಿದವನಿಗೆ ಬೇಕು ಬೇಡ ಅನ್ನುವುದೇ ಇರುವುದಿಲ್ಲ. ನಿಮ್ಮ ಗೇಮ್‌ನಲ್ಲಿ ಆ ಹುಡುಗನಿಗೆ ಏನು ಬೇಕು? ಹಸಿವು, ನೋವು ಬಿಟ್ಟು? ನನಗೆ ಏನು ಬೇಕು ಅಂತ ಹೇಳುತ್ತೇನೆ. ಊರಿನ ಗದ್ದೆಯಲ್ಲಿ ಯಕ್ಷಗಾನ ಇದ್ದರೆ ಬೆಳಗಿನವರೆಗೆ ಕೂತು ನೋಡಬೇಕು. ಹತ್ತು ಗಂಟೆಗೇ ಮನೆಗೆ ಹೋಗೋಣ ಅಂತ ಯಾರೂ ನನ್ನ ಗಾಡಿ ತಿರುಗಿಸಬಾರದು. ಗಾಡಿ ತಳ್ಳುವವರಿಗೆ ನಿದ್ದೆ ಬರುತ್ತದೆ, ಗೊತ್ತು. ಅವರದ್ದೂ ತಪ್ಪಲ್ಲ. ಈ ಜಗಳ ಇದೆಯಲ್ಲ, ಅದು ನಿಮ್ಮ ಗೇಮ್‌ನಲ್ಲಿ ಇರಬೇಕು. ಇಬ್ಬರಿಗೂ ನ್ಯಾಯ ಇರುವ ಜಗಳ.

ಇನ್ನೊಂದು. 'ನೀವೂ ಅಂಗವಿಕಲರಾಗಿ ನೋಡಿ' ಅನ್ನುವ ತರದ ಗೇಮ್ ದಯವಿಟ್ಟು ಮಾಡಬೇಡಿ. ಕಾಲೇಜುಗಳಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ ಐದು ನಿಮಿಷ ನಡೆಸುತ್ತಾರಲ್ಲ, ಹಾಗೆ. ಅದರಲ್ಲಿ ಜನ ಕಲಿಯುವುದು ಹೆದರಿಕೆ ಮಾತ್ರ. ಕಣ್ಣು ಕಾಣದವರು ವರ್ಷಗಟ್ಟಲೆ ಕಲಿತ ಜಾಣತನ ಐದು ನಿಮಿಷದಲ್ಲಿ ಎಲ್ಲಿಂದ ಬರಬೇಕು? 'ದ ವೇಲ್' ಅಂತ 2021ರಲ್ಲಿ ಒಂದು ಗೇಮ್ ಬಂತು. ನಾಯಕಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಪರದೆಯ ಮೇಲೆ ನೋಡಲು ಹೆಚ್ಚೇನೂ ಇಲ್ಲ, ಎಲ್ಲವೂ ಶಬ್ದದಲ್ಲಿ. ಅದರಲ್ಲಿ ಅವಳು ಪಾಪದವಳಲ್ಲ, ಗಟ್ಟಿಗಿತ್ತಿ. ಕಿವಿಯಿಂದ ಯುದ್ಧ ಮಾಡುತ್ತಾಳೆ. ಆಡಲು ಕಣ್ಣು ಕಾಣದವರಿಗೂ ಸಾಧ್ಯ. ಇದನ್ನು ಗಮನಿಸಿ.

'ಹೆಲ್‌ಬ್ಲೇಡ್' ಕೂಡ ಹಾಗೇ. 2017ರದ್ದು. ನಾಯಕಿ ಸೆನುವಾಗೆ ಯಾರೂ ಇಲ್ಲದಾಗಲೂ ಧ್ವನಿಗಳು ಕೇಳಿಸುತ್ತವೆ. ಹೆಡ್‌ಫೋನ್ ಹಾಕಿದರೆ ಒಂದು ಧ್ವನಿ ಎಡಗಿವಿಯ ಹಿಂದೆ, ಇನ್ನೊಂದು ತಲೆಯ ಮೇಲೆ. ಅದನ್ನು ಮಾಡಿದವರು ಕೇಂಬ್ರಿಜ್‌ನ ಮನೋವೈದ್ಯ ಪಾಲ್ ಫ್ಲೆಚರ್ ಜತೆ ಕೆಲಸ ಮಾಡಿದರು. ಅಂಥ ಧ್ವನಿಗಳನ್ನು ನಿಜವಾಗಿ ಕೇಳುವ ಜನರನ್ನೂ ಕೂರಿಸಿಕೊಂಡು ಕೇಳಿದರು. ನೀವು ಯಾರನ್ನು ಕೂರಿಸಿಕೊಂಡಿದ್ದೀರಿ?

ಪೆರ್ಲದವಳು:

ಅಣ್ಣಾ, ನಿಮ್ಮ ಪ್ರಶ್ನೆಗಾಗಿಯೇ ಇಲ್ಲಿ ಬರೆದದ್ದು ಅಂತ ಈಗ ಅನ್ನಿಸುತ್ತಿದೆ.

ತಮ್ಮನಿಗೆ ಬೇಕಾದ್ದು ಹಸಿವು, ನೋವು ಮಾತ್ರ ಅಲ್ಲ. ಅವನಿಗೆ ಮಳೆ ಬೇಕು. ಮಳೆಗಾಲದಲ್ಲಿ ಕಿಟಕಿಯ ಹತ್ತಿರ ಮಲಗಿಸಬೇಕು, ಇಲ್ಲದಿದ್ದರೆ ಗಲಾಟೆ. ರೇಡಿಯೋದಲ್ಲಿ ಚೆಂಡೆ ಕೇಳಿದರೆ ಒಂದು ಸದ್ದು ಮಾಡುತ್ತಾನೆ, ಹೊಟ್ಟೆ ಹಸಿದರೆ ಬೇರೆ ಸದ್ದು. ಮೇಲೆ ನೋಡಿದರೆ ಹೌದು. ಮುಖ ತಿರುಗಿಸಿದರೆ ಬೇಡ. ಹೊಸಬರಿಗೆ ಎಲ್ಲವೂ ಒಂದೇ ತರ ಕೇಳುತ್ತದೆ. ಇದನ್ನೇ ಗೇಮ್‌ನ ನಡು ಮಾಡಬೇಕು ಅಂತಿದ್ದೇನೆ. ಆಡುವವರಿಗೆ ಶುರುವಿನಲ್ಲಿ ಅವನ ಯಾವ ಸದ್ದೂ ಅರ್ಥವಾಗುವುದಿಲ್ಲ. ಕೆಳಗೆ ಅರ್ಥ ಬರೆದು ತೋರಿಸುವುದೂ ಇಲ್ಲ. ಜತೆಗೆ ಇದ್ದು ಇದ್ದು ಕಲಿಯಬೇಕು. ತಪ್ಪಿದರೆ ಅವನು ಸಿಟ್ಟಾಗುತ್ತಾನೆ, ಮತ್ತೆ ಹೇಳುತ್ತಾನೆ. ಅವನಿಗೆ ಮಾತು ಇದೆ, ನಮಗೆ ಗೊತ್ತಿರಲಿಲ್ಲ ಅಷ್ಟೇ ಅಂತ ಆಡುವವರಿಗೆ ತಾನಾಗಿ ತಿಳಿಯಬೇಕು.

ಕಿವಿ ಕೇಳದವರಿಗೆ ಅದೇ ಸದ್ದು ಪರದೆಯ ಮೇಲೆ ಗೆರೆಯಾಗಿ ಓಡುತ್ತದೆ. ಸದ್ದಿನ ಏರಿಳಿತ ಗೆರೆಯಲ್ಲೂ ಕಾಣುವ ಹಾಗೆ.

ಪಂಚಾಯತು ನರ್ಸ್:

ನಾನು ವಾಸಿಯಾಗದ ಕಾಯಿಲೆಯವರ ಕಷ್ಟ ಕಡಿಮೆ ಮಾಡುವ ಪಾಲಿಯೇಟಿವ್ ಹೋಮ್ ಕೇರ್‌ನಲ್ಲಿ ಮನೆಮನೆಗೆ ಹೋಗುವವಳು. ಕೇರಳದಲ್ಲಿ 2008ರಲ್ಲೇ ಪಾಲಿಯೇಟಿವ್ ಆರೈಕೆಗೆ ಸರಕಾರಿ ನೀತಿ ಬಂತು. ಹಾಗಾಗಿ ಪಂಚಾಯತಿನಿಂದ ನರ್ಸ್ ಮನೆಗೆ ಬರುವುದು ನಮ್ಮಲ್ಲಿ ಮಾಮೂಲಿ. ಕೆಲವು ವಿಷಯ ತಪ್ಪಾಗಿ ಬರಬಾರದು, ಅದಕ್ಕೆ ಬರೆಯುತ್ತೇನೆ.

ಮಲಗಿದಲ್ಲೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ರಾತ್ರಿಯೂ. ಇಲ್ಲವಾದರೆ ಬೆನ್ನು, ಸೊಂಟ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ನೀರು ತುಂಬಿದ ಹಾಸಿಗೆ, ಗಾಳಿ ಹಾಸಿಗೆ ಇದ್ದರೆ ಅನುಕೂಲ, ಆದರೂ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ. ಮಲಗಿಸಿಕೊಂಡು ಗಂಜಿ ಕೊಡಬಾರದು. ತಲೆ, ಬೆನ್ನು ಎತ್ತಿ ಕೂರಿಸಿ ಸ್ವಲ್ಪ ಸ್ವಲ್ಪ ಕೊಡಬೇಕು, ನುಂಗಿದ್ದನ್ನು ನೋಡಿ ಮುಂದಿನ ಚಮಚ. ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಆಗುತ್ತದೆ. ಒಂದು ಊಟಕ್ಕೆ ಒಂದು ಗಂಟೆ ಹಿಡಿಯುವ ಮನೆಗಳಿವೆ. ಫಿಟ್ಸ್‌ನ ಮದ್ದು ಒಂದು ಹೊತ್ತೂ ತಪ್ಪಬಾರದು. ಫಿಟ್ಸ್ ಬಂದಾಗ ಬಾಯಿಗೆ ಚಮಚ ತುರುಕಬಾರದು, ಕೈಯಲ್ಲಿ ಕಬ್ಬಿಣ ಹಿಡಿಸಬಾರದು. ಪಕ್ಕಕ್ಕೆ ಮಲಗಿಸಿ ಸಮಯ ನೋಡಬೇಕು. ಇದನ್ನು ಗೇಮ್‌ನಲ್ಲಿ ಸರಿಯಾಗಿ ತೋರಿಸಿದರೆ ಅದೇ ಒಂದು ಉಪಕಾರ.

ಮತ್ತೆ, ಅಮ್ಮನ ಬೆನ್ನು. ಅದನ್ನು ಯಾರೂ ಕೇಳುವುದಿಲ್ಲ. ಮಗ ಬೆಳೆದಂತೆ ತೂಕ ಜಾಸ್ತಿಯಾಗುತ್ತದೆ, ಅಮ್ಮನ ಬಲ ಕಡಿಮೆಯಾಗುತ್ತದೆ. ಐದು ವರ್ಷದ ಮಗುವನ್ನು ಸೊಂಟದಲ್ಲಿ ಎತ್ತಿಕೊಂಡು ಬಚ್ಚಲಿಗೆ ಹೋದವಳು ಇಪ್ಪತ್ತರ ಮಗನನ್ನು ಹೇಗೆ ಎತ್ತಬೇಕು? ನಾನು ಹೋದಾಗ ಎಲ್ಲರೂ ಮಗನ ಬಗ್ಗೆ ಹೇಳುತ್ತಾರೆ. ಹೊರಡುವಾಗ ಮೆಟ್ಟಿಲ ಹತ್ತಿರ ಬಂದು, 'ಸಿಸ್ಟರ್, ನನ್ನ ಸೊಂಟಕ್ಕೊಂದು ಮುಲಾಮು ಇದೆಯಾ' ಅಂತ ಕೇಳುತ್ತಾರೆ.

ಕುಂಬಳೆ ಕೋಡ್:

ಸಿಸ್ಟರ್ ಹೇಳಿದ್ದನ್ನು ಗೇಮ್‌ನಲ್ಲಿ ತರಲು ಒಂದು ದಾರಿ ಹೊಳೆಯಿತು. ಮೂರು ಭಾಗ ಮಾಡಿ. ಹುಡುಗನಿಗೆ 5, 12, 20 ವರ್ಷ. ಮೂರರಲ್ಲೂ ಅದೇ ಮನೆ, ಅದೇ ಕೆಲಸ. ಎತ್ತಲು ಗುಂಡಿಯನ್ನು ಒತ್ತಿ ಹಿಡಿಯಬೇಕು. ಮೊದಲ ಭಾಗದಲ್ಲಿ ಒಂದು ಸೆಕೆಂಡು, ಕೊನೆಯದರಲ್ಲಿ ಹತ್ತು. ಒಂದು ಮಾತೂ ಬರೆಯದೆ ವಿಷಯ ಮುಟ್ಟುತ್ತದೆ.

ತಾಂತ್ರಿಕ ವಿಷಯ ಸ್ವಲ್ಪ. ಗೇಮ್ ಕಟ್ಟುವ ತಂತ್ರಾಂಶಗಳಲ್ಲಿ ಯೂನಿಟಿ ಬೇಡ. ಅದರ ಅಕ್ಷರ ತೋರಿಸುವ ಭಾಗವಾದ ಟೆಕ್ಸ್ಟ್‌ಮೆಶ್ ಪ್ರೊದಲ್ಲಿ ಕನ್ನಡದ ಒತ್ತಕ್ಷರ ತಾನಾಗಿ ಕೂಡಿಕೊಳ್ಳುವುದಿಲ್ಲ, ಅಕ್ಷರ ಒಡೆದು ಕಾಣುತ್ತದೆ. ಅಕ್ಕ ಅಂತ ಬರೆದರೆ ಅಕ್‌ಕ ಆಗುತ್ತದೆ. ಗೋಡೋ 4 ನೋಡಿ, 2023ರಲ್ಲಿ ಬಂದದ್ದು, ಉಚಿತ. ಅದರಲ್ಲಿ ಒತ್ತಕ್ಷರ ಕೂಡಿಸುವ ಹಾರ್ಫ್‌ಬಜ್ ಇದೆ, ಕನ್ನಡ ಸರಿಯಾಗಿ ಬರುತ್ತದೆ. ಬರೀ ಓದಿ ಆಯ್ಕೆ ಮಾಡುವ ಗೇಮ್ ಸಾಕಾದರೆ ಟ್ವೈನ್ ಇನ್ನೂ ಸುಲಭ. ಅದೂ ಉಚಿತ. ಮುಗಿದ ಗೇಮ್ ಒಂದೇ ಎಚ್‌ಟಿಎಂಎಲ್ ಫೈಲ್ ಆಗಿ ಸಿಗುತ್ತದೆ. ವಾಟ್ಸಾಪ್‌ನಲ್ಲಿ ಕಳಿಸಬಹುದು, ಯಾವ ಮೊಬೈಲಿನ ಬ್ರೌಸರಿನಲ್ಲೂ ತೆರೆಯುತ್ತದೆ, ನೆಟ್‌ವರ್ಕ್ ಇಲ್ಲದಿದ್ದರೂ. ಕಣ್ಣು ಕಾಣದವರಿಗೆ ಪರದೆಯನ್ನು ಓದುವ ಟಾಕ್‌ಬ್ಯಾಕ್ ಹಾಕಿದರೆ ಮೊಬೈಲ್ ಅದನ್ನು ಕನ್ನಡದಲ್ಲಿ ಓದಿ ಹೇಳುತ್ತದೆ. ಅಕ್ಷರಕ್ಕೆ ನೋಟೋ ಸಾನ್ಸ್ ಕನ್ನಡ ಬಳಸಿ, ಅದಕ್ಕೂ ದುಡ್ಡು ಕೊಡಬೇಕಾಗಿಲ್ಲ.

ಗಾಲಿಕುರ್ಚಿ ವಿಟ್ಲ:

ಒತ್ತಿ ಹಿಡಿಯುವುದು ನನ್ನ ಕೈಯಿಂದ ಆಗುವುದಿಲ್ಲ. ಹತ್ತು ಸೆಕೆಂಡು ಅಂದರೆ ನಾನು ಮೂರನೇ ಭಾಗ ಆಡಲಾರೆ. ನಮ್ಮ ಕಥೆಯ ಗೇಮ್ ನಾವೇ ಆಡಲು ಆಗದಿದ್ದರೆ ಹೇಗೆ?

ಬದಲಿಗೆ ಹೀಗೆ ಮಾಡಿ. 5 ವರ್ಷದವನಿದ್ದಾಗ ಅಮ್ಮ ಒಬ್ಬಳೇ ಎತ್ತುತ್ತಾಳೆ. 20ರಲ್ಲಿ ಎತ್ತುವ ಆಯ್ಕೆಯೇ ಇರುವುದಿಲ್ಲ, ಅಕ್ಕ ಕೆಲಸದಿಂದ ಬರುವವರೆಗೆ. ಅವನಿಗೆ ಈಗಲೇ ಕಿಟಕಿಯ ಹತ್ತಿರ ಹೋಗಬೇಕು, ಮಳೆ ಬರುತ್ತಿದೆ. ಅಮ್ಮನಿಂದ ಆಗುವುದಿಲ್ಲ. ಮಳೆ ನಿಲ್ಲುವುದರೊಳಗೆ ಅಕ್ಕ ಬರುತ್ತಾಳಾ ಇಲ್ಲವಾ ಅಂತ ಇಬ್ಬರೂ ಕಾಯಬೇಕು. ಅದು ಅವನ ಕಥೆಯೂ ಹೌದು, ಅಮ್ಮನ ಕಥೆಯೂ ಹೌದು. ಗುಂಡಿ ಒತ್ತುವವರ ಕೈಗೂ ಕಷ್ಟ ಇಲ್ಲ.

ಇಡೀ ಗೇಮ್ ಒಂದೇ ತಟ್ಟಿನಲ್ಲಿ ಆಡುವಂತಿರಲಿ. ಆಯ್ಕೆಗಳು ಒಂದರ ನಂತರ ಒಂದು ಬೆಳಗುತ್ತವೆ, ಬೇಕಾದ್ದು ಬೆಳಗಿದಾಗ ಪರದೆಯನ್ನು ಎಲ್ಲಿ ತಟ್ಟಿದರೂ ಆಯಿತು. ಗಲ್ಲದಿಂದ, ಮೊಣಕೈಯಿಂದ ಆಡುವವರಿದ್ದಾರೆ. ಬೆಳಗುವ ವೇಗವನ್ನು ಆಡುವವರೇ ಇಟ್ಟುಕೊಳ್ಳುವಂತಿರಬೇಕು. 2020ರ 'ದ ಲಾಸ್ಟ್ ಆಫ್ ಅಸ್' ಎರಡನೇ ಭಾಗದಲ್ಲಿ ಇಂಥ ಸೌಲಭ್ಯಗಳು 60ಕ್ಕೂ ಜಾಸ್ತಿ ಇದ್ದವು. ಅದು ದೊಡ್ಡ ಕಂಪನಿಯ ಗೇಮ್. ಆದರೆ ಒಂದೇ ತಟ್ಟು ಅನ್ನುವುದಕ್ಕೆ ದೊಡ್ಡ ಬಂಡವಾಳ ಬೇಡ. ಮೊದಲ ದಿನವೇ ಯೋಚಿಸಿದರೆ ಸಾಕು.

ಕುಂಬಳೆ ಕೋಡ್:

ಒಪ್ಪಿದೆ ಅಣ್ಣ. ನಿಮ್ಮ ಮಳೆಯ ಯೋಚನೆ ನನ್ನದಕ್ಕಿಂತ ಎಷ್ಟೋ ಚೆನ್ನಾಗಿದೆ.

ಬೆಳ್ಳೂರಿನ ಅಮ್ಮ:

ಮಗಳು ಟೈಪ್ ಮಾಡಿ ಕೊಡುತ್ತಿದ್ದಾಳೆ. ನೀವು ಬರೆದದ್ದನ್ನೆಲ್ಲ ಓದಿ ಹೇಳಿದಳು.

ನನ್ನ ಮಗನಿಗೆ ಈಗ ಮೂವತ್ತರ ಹತ್ತಿರ. ಇಂಥ ಮಕ್ಕಳಿಗಾಗಿ ಪಂಚಾಯತು ನಡೆಸುವ ಬಡ್ಸ್ ಶಾಲೆಗೆ ಹೋಗುತ್ತಿದ್ದ, ಈಗ ಮನೆಯಲ್ಲೇ. ಗೇಮ್ ಅಂದರೆ ನನಗೆ ಗೊತ್ತಿಲ್ಲ. ಆದರೆ ಮಾಡುವುದಾದರೆ ಎರಡು ವಿಷಯ ಸೇರಿಸಿ. ಒಂದು, ಅವನ ಅಕ್ಕ ತಂಗಿಯರು. ನನ್ನ ಮಗಳು ಸಣ್ಣವಳಿದ್ದಾಗ ಶಾಲೆಯ ಪ್ರವಾಸಕ್ಕೆ ಹೋಗುತ್ತೇನೆ ಅಂತ ಒಂದು ಸಲವೂ ಕೇಳಲಿಲ್ಲ. ಕೇಳಬಾರದು ಅಂತ ನಾನು ಹೇಳಿರಲಿಲ್ಲ. ಅವಳೇ ತಿಳಿದುಕೊಂಡಳು. ಅದು ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟ. ಎರಡು, ನಮ್ಮ ನಂತರ ಯಾರು ಅನ್ನುವುದು. ದುಡ್ಡಿನ ಚಿಂತೆಗಿಂತ ಅದು ದೊಡ್ಡದು. ನನಗೆ ಜ್ವರ ಬಂದರೂ ಮೊದಲು ಬರುವ ಯೋಚನೆ ಅದೇ.

ಪಾಪ ಅನ್ನಿಸುವ ಹಾಗೆ ಮಾಡಬೇಡಿ. ನನ್ನ ಮಗ ಒಳ್ಳೆಯ ಜನ. ಯಾರಾದರೂ ಜೋರಾಗಿ ಮಾತಾಡಿದರೆ ಅವನಿಗೆ ಆಗುವುದಿಲ್ಲ. ನಕ್ಕರೆ ನಗುತ್ತಾನೆ. ಅದೂ ಬರಲಿ.

ಪೆರ್ಲದವಳು:

ಅಮ್ಮಾ, ನಿಮ್ಮ ಮಗಳಿಗೂ ನಿಮಗೂ ತುಂಬ ಧನ್ಯವಾದ. ಪ್ರವಾಸದ ಮಾತು ಕೇಳಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ. ಅಕ್ಕನ ಭಾಗವನ್ನು ನಾನು ಚಿಕ್ಕದು ಮಾಡಿಟ್ಟಿದ್ದೆ, ನನ್ನದೇ ಕಥೆ ಅಂತ ಸಂಕೋಚ. ಈಗ ಅದನ್ನು ಬೆಳೆಸುತ್ತೇನೆ.

'ವೇವರ್ಡ್ ಸ್ಟ್ರ್ಯಾಂಡ್' ಅಂತ 2022ರ ಆಸ್ಟ್ರೇಲಿಯಾದ ಗೇಮ್ ಇದೆ. ಆಕಾಶದಲ್ಲಿ ತೇಲುವ ಒಂದು ಆಸ್ಪತ್ರೆ, ತುಂಬ ವಯಸ್ಸಾದ ರೋಗಿಗಳು. ನೀವು ಅಲ್ಲಿ ಸುತ್ತುವ ಒಬ್ಬ ಹುಡುಗಿ. ಎಲ್ಲ ಕೋಣೆಗಳಲ್ಲೂ ಒಂದೇ ಹೊತ್ತಿಗೆ ಏನಾದರೂ ನಡೆಯುತ್ತಿರುತ್ತದೆ. ಒಬ್ಬರ ಹತ್ತಿರ ಕೂತರೆ ಇನ್ನೊಬ್ಬರದ್ದು ತಪ್ಪಿಹೋಗುತ್ತದೆ. ನಮ್ಮ ಗೇಮ್‌ನಲ್ಲೂ ಹಾಗೇ ಇರಬೇಕು. ಅಕ್ಕನಾಗಿ ಶಾಲೆಯಲ್ಲಿದ್ದರೆ ಮನೆಯಲ್ಲಿ ತಮ್ಮ ಕಲಿಸಿದ ಒಂದು ಸದ್ದು ನಿಮಗೆ ಸಿಗುವುದಿಲ್ಲ. ಮನೆಯಲ್ಲೇ ಉಳಿದರೆ ಗೆಳತಿಯರ ಒಂದು ಮಾತು ಸಿಗುವುದಿಲ್ಲ. ಯಾವುದೂ ತಪ್ಪು ಉತ್ತರ ಅಲ್ಲ, ಅಂಕವೂ ಇಲ್ಲ.

ನಮ್ಮ ನಂತರ ಯಾರು ಅನ್ನುವುದಕ್ಕೆ ಗೇಮ್ ಉತ್ತರ ಕೊಡಬಾರದು. 2020ರ 'ಸ್ಪಿರಿಟ್‌ಫೇರರ್'ನಲ್ಲಿ ಆಲಿಸ್ ಅನ್ನುವ ಒಬ್ಬ ಅಜ್ಜಿಗೆ ಮರೆವು ಬರುತ್ತದೆ. ನೋಡಿಕೊಳ್ಳುವ ಸ್ಟೆಲ್ಲಾಳನ್ನೇ ತನ್ನ ಮಗಳು ಅಂದುಕೊಳ್ಳುತ್ತಾಳೆ. ಅಲ್ಲಿ ಕೊನೆಗೆ ಒಂದು ಬೀಳ್ಕೊಡುಗೆ ಇದೆ, ಮುಗಿಯಿತು ಅನ್ನಿಸುತ್ತದೆ. ನಮ್ಮದರಲ್ಲಿ ಹಾಗೆ ಮುಗಿಸಿದರೆ ಸುಳ್ಳಾಗುತ್ತದೆ. ನಮ್ಮಲ್ಲಿ ಮೊದಲು ಹೋಗುವವರು ಅಮ್ಮ ಆಗಿರಬಹುದು. ಹುಡುಗನನ್ನು ಸಾಯಿಸಿ ಎಲ್ಲರಿಗೂ ಬಿಡುಗಡೆ ಅಂತ ತೋರಿಸುವ ಕೊನೆ ಅಂತೂ ಖಂಡಿತ ಬೇಡ.

ಬದಿಯಡ್ಕದ ಮಾಷ್ಟ್ರು:

ಬೆಳ್ಳೂರಿನ ಅಮ್ಮನ ಮಾತು ಓದಿದ ಮೇಲೆ ನನ್ನ ವಿರೋಧ ಸ್ವಲ್ಪ ಇಳಿದಿದೆ. ಪೂರ್ತಿ ಹೋಗಿಲ್ಲ. ದುಡ್ಡು ಬಂದರೆ ಅದು ಯಾರದ್ದು, ಬೇಡ ಅಂತ ಒಂದು ಮನೆಯವರು ಹೇಳಿದರೆ ಅವರ ಭಾಗ ತೆಗೆಯುತ್ತೀರಾ? ಇದನ್ನು ಮೊದಲೇ ಬರೆದಿಡಬೇಕು.

ಕಾಗದಪತ್ರದ ಕಷ್ಟವನ್ನೂ ಮರೆಯಬೇಡಿ. ವೈದ್ಯಕೀಯ ಕ್ಯಾಂಪಿನ ನೋಟೀಸು ಮಲಯಾಳದಲ್ಲಿ ಬರುತ್ತದೆ. ಮನೆಯಲ್ಲಿ ತುಳು, ಕನ್ನಡ. ಅಮ್ಮನಿಗೆ ಮಲಯಾಳ ಕೇಳಿದರೆ ಗೊತ್ತಾಗುತ್ತದೆ, ಓದಲು ಬರುವುದಿಲ್ಲ. ಪಕ್ಕದ ಮನೆಯ ಹುಡುಗ ಶಾಲೆಯಿಂದ ಬರುವವರೆಗೆ ಆ ಕಾಗದ ಗೋಡೆಯ ಮೊಳೆಯಲ್ಲಿ ಇರುತ್ತದೆ. ತಾರೀಖು ದಾಟಿದ ಮೇಲೆ ಓದಿಸಿಕೊಂಡವರಿದ್ದಾರೆ. ಮಲಗಿದವರನ್ನು ಪೂರ್ತಿ ಹೊತ್ತು ನೋಡಿಕೊಳ್ಳುವವರಿಗೆ 'ಆಶ್ವಾಸಕಿರಣಂ' ಅಂತ ತಿಂಗಳಿಗೆ 600 ರೂಪಾಯಿಯ ಯೋಜನೆ ಇದೆ ಅಂತ ಗೊತ್ತಿಲ್ಲದ ಮನೆಗಳಿಗೆ ನಾನೇ ಅರ್ಜಿ ಬರೆದುಕೊಟ್ಟಿದ್ದೇನೆ. 2020ರಲ್ಲಿ ಕೋವಿಡ್ ಅಂತ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದರು. ಮಂಗಳೂರಿನ ಆಸ್ಪತ್ರೆಯನ್ನೇ ನಂಬಿಕೊಂಡ ನಮ್ಮ ಜನ ಆಂಬುಲೆನ್ಸಿನಲ್ಲಿ ಅಲ್ಲೇ ನಿಲ್ಲಬೇಕಾಯಿತು. ಗಡಿ ಅಂದರೆ ಏನು ಅಂತ ಆಗ ಬೆಂಗಳೂರಿನವರಿಗೂ ಗೊತ್ತಾಗಬೇಕಿತ್ತು.

ಪೆರ್ಲದವಳು:

ಮಾಷ್ಟ್ರೇ, ನೋಟೀಸಿನ ವಿಷಯ ಹಾಗೇ ತೆಗೆದುಕೊಳ್ಳುತ್ತೇನೆ. ಗೇಮ್‌ನಲ್ಲಿ ಕಾಗದ ಬರುತ್ತದೆ, ಆಡುವವರಿಗೂ ಮಲಯಾಳದಲ್ಲೇ ಕಾಣುತ್ತದೆ. ಮಲಯಾಳ ಓದಲು ಬಾರದವರು ಹುಡುಗ ಬರುವವರೆಗೆ ಕಾಯಬೇಕು. ಬರುವವರು ಆಗಲೇ ಓದಿಕೊಳ್ಳಲಿ, ಅದೂ ನಿಜವೇ.

ದುಡ್ಡಿನ ಬಗ್ಗೆ: ಗೇಮ್ ಉಚಿತ, ಒಳಗೆ ಜಾಹೀರಾತೂ ಇಲ್ಲ. ಬೇಡ ಅಂದ ಮನೆಯ ಯಾವ ಮಾತೂ ಉಳಿಯುವುದಿಲ್ಲ, ಹೊರಬಂದ ಮೇಲೆ ಹೇಳಿದರೂ. ಇದನ್ನು ಕನ್ನಡ, ಮಲಯಾಳ ಎರಡರಲ್ಲೂ ಬರೆದು ಸಹಿ ಹಾಕಿ ಪ್ರತಿ ಮನೆಗೂ ಕೊಡುತ್ತೇನೆ. ಕರಡು ನೋಡಿ ತಿದ್ದಿಕೊಡುತ್ತೀರಾ?

ಬದಿಯಡ್ಕದ ಮಾಷ್ಟ್ರು:

ಕಳಿಸಿ. ಆದರೆ ಮೊದಲು ಬೆಳ್ಳೂರಿನ ಅಮ್ಮನಿಗೆ ಓದಿ ಹೇಳಿ, ಆಮೇಲೆ ನನಗೆ.

ಗಾಲಿಕುರ್ಚಿ ವಿಟ್ಲ:

ಮಳೆಯ ಭಾಗ ಒಂದನ್ನೇ ಮೊದಲು ಮಾಡಿ. ಚಿತ್ರ ಇಲ್ಲದಿದ್ದರೂ ಆಯಿತು, ಬರೀ ಅಕ್ಷರ ಮತ್ತು ಸದ್ದು ಸಾಕು. ನನ್ನ ಹಳೆಯ ಮೊಬೈಲಿನಲ್ಲಿ, ಗೆಣ್ಣಿನಿಂದ, ಕೊನೆವರೆಗೆ ಆಡಲು ಆದರೆ ಹೇಳುತ್ತೇನೆ. ಆಗದಿದ್ದರೂ ಹೇಳುತ್ತೇನೆ.